ವಂಶಾವಳಿಯಲ್ಲಿ ನಿಮ್ಮ ಜಾಗ

ಹುಮನಾಬಾದ
ಬುಧವಾರ, ೧೯ ಫೆಬ್ರವರಿ ೨೦೨೫

ಪ್ರೀತಿಯ ಅತ್ತೆಯವರ ಪಾದಕ್ಕೆ ನಿಮ್ಮ ಸೊಸೆಯ ಶರಣು.

ಮೊದಲು ನಿಮ್ಮ ಮೊಣಕಾಲು ಹೇಗಿದೆ ಎಂದು ಕೇಳಬೇಕು, ಅದು ರೀತಿ. ಆದರೆ ಕನಸನ್ನು ಹೇಳಿಬಿಡದೆ ನನಗೆ ಬೇರೆ ಏನನ್ನೂ ಬರೆಯಲು ಕೈ ಓಡುವುದಿಲ್ಲ. ಬಸವಕಲ್ಯಾಣದ ಸಮ್ಮೇಳನದಿಂದ ಬಂದಾಗಿನಿಂದ ಒಂದೇ ಕನಸು ಬೀಳುತ್ತಿದೆ. ನಮ್ಮ ಅಂಗಳದಲ್ಲಿ ಪಂಕ್ತಿ ಕೂತಿದೆ, ನಾನು ಹೋಳಿಗೆ ಬಡಿಸುತ್ತ ಬರುತ್ತಿದ್ದೇನೆ. ನೀವು ಕೂಡುವ ಜಾಗದಲ್ಲಿ ಯಾರೋ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದಾರೆ. "ಯಾರ್ರಿ ನೀವು, ಇದು ನಮ್ಮ ಅತ್ತಿ ಜಾಗ" ಎಂದು ಕೇಳಿದರೆ ಬರೀ ಕೈ ಮುಂದೆ ಮಾಡುತ್ತಾರೆ. ಕೈತುಂಬ ಹಸಿರು ಬಳೆ, ಎಳೆಯ ಹುಡುಗಿಯ ಕೈ. ಬಡಿಸಬೇಕೋ ಬಿಡಬೇಕೋ ತಿಳಿಯದೆ ನಿಂತಲ್ಲೇ ಎಚ್ಚರವಾಗುತ್ತದೆ. ಆಮೇಲೆ ಎದ್ದು ಗ್ಯಾಸು ಬಂದ್ ಮಾಡಿದ್ದೇನೋ ಇಲ್ಲವೋ ನೋಡಿ ಬರುತ್ತೇನೆ. ಗ್ಯಾಸಿಗೂ ಕನಸಿಗೂ ಏನು ಸಂಬಂಧ ಎಂದು ನೀವು ನಗುತ್ತೀರಿ, ಗೊತ್ತು. ನನ್ನ ಸ್ವಭಾವವೇ ಹಾಗೆ.

ಈಗ ಹೇಳಿರಿ, ಮೊಣಕಾಲು ಹೇಗಿದೆ? ಬಾವು ಇಳಿಯಿತೇ? ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ನಡೆಯಬೇಡಿರಿ. ನೀವು ಕಮ್ಮಿ ನಡೆಯುತ್ತೀರಿ ಎಂಬ ಚಿಂತೆ ನನಗಿಲ್ಲ, ಪೂನಂ ಮನೆಯ ಭಾಂಡೆ ತೊಳೆಯಲು ಎದ್ದುಬಿಡುತ್ತೀರಿ ಎಂಬುದೇ ಚಿಂತೆ. ಅವಳು ನಿಮ್ಮ ಮಗಳು, ಭಾಂಡೆ ಅವಳು ತೊಳೆಯಲಿ. ಬಚ್ಚಲಿಗೆ ಹೋಗುವಾಗ ನೆಲ ಹಸಿಯಿದೆಯೋ ಇಲ್ಲವೋ ಮೊದಲು ನೋಡಿರಿ. ಸೊಲ್ಲಾಪುರದ ನೀರು ನಿಮಗೆ ಒಗ್ಗುವುದಿಲ್ಲ, ಕಾಸಿ ಆರಿಸಿ ಕುಡಿಯಿರಿ.

ಇಲ್ಲಿ ನಾವೆಲ್ಲ ಆರಾಮ. ಇವರಿಗೆ ಅಂಗಡಿಯ ಗಡಬಡ. ನೀವಿಲ್ಲದೆ ಊಟಕ್ಕೆ ಕೂತಾಗ ಒಂದು ಮಾತೂ ಆಡುವುದಿಲ್ಲ, ರೊಟ್ಟಿ ಮುರಿದು ನಿಮ್ಮ ಮಣೆಯ ಕಡೆ ನೋಡುತ್ತಾರೆ. ನೀವಿದ್ದಾಗಲೂ ಬಹಳ ಮಾತಾಡುವುದಿಲ್ಲ ಬಿಡಿರಿ, ಆದರೆ ಆ ಸುಮ್ಮನಿರುವುದು ಬೇರೆ, ಈ ಸುಮ್ಮನಿರುವುದು ಬೇರೆ.

ಫೋನು ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಿರಬೇಕು. ಫೋನು ಪೂನಂ ಕೈಯಲ್ಲಿರುತ್ತದೆ, ನಿಮಗೆ ಕೇಳಿಸಲಿ ಎಂದು ಸ್ಪೀಕರ್ ಹಾಕುತ್ತಾಳೆ, ಮನೆಯವರೆಲ್ಲ ಸುತ್ತ ಕೂಡುತ್ತಾರೆ. ಈ ಮಾತು ಹಾಗೆ ಆಡುವಂಥದ್ದಲ್ಲ. ಅದಕ್ಕೆ ಬೇಳೆ ಒಯ್ಯುವ ಟೆಂಪೊದ ಆಸಿಫನ ಕೈಯಲ್ಲಿ ಕಳಿಸುತ್ತಿದ್ದೇನೆ. "ಅತ್ತಿ ಕೈಯಾಗೇ ಕೊಡಪ್ಪಾ, ಬ್ಯಾರೆಯವರ ಕೈಯಾಗ ಬ್ಯಾಡ" ಎಂದಿದ್ದೇನೆ. ನೀವು ಕನ್ನಡಕ ಹಾಕಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಒಬ್ಬರೇ ಓದಿರಿ. ಪೂನಂ ಕೇಳಿದರೆ ಉಪ್ಪಿನಕಾಯಿ ಹಾಕುವುದನ್ನು ಕೇಳಿದ್ದಾಳೆ ಎನ್ನಿರಿ. ತೌರೂರು ಬೇಮಳಖೇಡದಲ್ಲಿ ಏಳನೆಯ ಇಯತ್ತೆಗೆ ನನ್ನನ್ನು ಶಾಲೆ ಬಿಡಿಸಿ ಎಮ್ಮೆಯ ಹಿಂದೆ ಕಳಿಸಿದರು, ಒತ್ತಕ್ಷರ ಅಲ್ಲಲ್ಲೇ ನಿಂತುಹೋದವು. ತಪ್ಪಿದ್ದಲ್ಲಿ ತಿದ್ದಿಕೊಳ್ಳಿರಿ.

ಮನೆತನಗಳ ಇತಿಹಾಸ ಹುಡುಕುವವರ ಸಮ್ಮೇಳನಕ್ಕೆ ನೀವು ಹೋಗಬೇಕಾಗಿತ್ತು. ಪ್ರತಿ ಮನೆತನದಿಂದ ಒಬ್ಬ ಹೆಣ್ಣುಮಗಳು ನಿಂತು ತಮ್ಮ ವಂಶಾವಳಿ ಓದಿ ಹೇಳಬೇಕೆಂದು ಕಮಿಟಿಯವರು ಇಟ್ಟಿದ್ದರು. ನಮ್ಮ ವಂಶಾವಳಿ ಕೂಡಿಸಿದ ಗುರುಲಿಂಗ ಭಾವನವರು, ಏಳು ತಲೆಮಾರು ಬಾಯಲ್ಲೇ ಇಟ್ಟುಕೊಂಡವರು ನೀವೇ ಎಂದು ನಿಮ್ಮ ಹೆಸರು ಕೊಟ್ಟಿದ್ದರು. ನಿಮ್ಮ ಮೊಣಕಾಲು ಆಪರೇಷನ್‌ಗೆ ಹೋಯಿತು, ನನ್ನ ಕೊರಳು ಸಿಕ್ಕಿತು. ಹೋಗುವ ಮುಂಚೆ ಎಷ್ಟು ಹೆದರಿದ್ದೆನೆಂದರೆ, ಬಸ್ಸು ಊರೊಳಗೆ ಹೋಗದೆ ಹೈವೇ ಮೇಲೆ ಸಸ್ತಾಪುರ ಬಂಗ್ಲಾದಲ್ಲೇ ಇಳಿಸಿ ಹೋದರೆ ಹೇಗೆ ಎಂದು ಕಂಡಕ್ಟರನನ್ನು ಮೇಲಿಂದ ಮೇಲೆ ಕೇಳಿದೆ. ಕೊನೆಗೆ ಅವನು, "ಅಕ್ಕಾರ, ನಿಮ್ಮನ್ನ ಇಳಿಸಿದ ಮ್ಯಾಲೇ ನಾ ಮನಿಗೆ ಹೋಗ್ತೀನಿ, ಸಮಾಧಾನಲೇ ಕೂಡ್ರಿ" ಎಂದ. ಬಸ್ಸಿನವರೆಲ್ಲ ನಕ್ಕರು. ನಗಲಿ, ಊರೊಳಗೇ ಇಳಿಸಿದ.

ಮಂಗಲ ಕಾರ್ಯಾಲಯದ ಮೇಲಿನ ಹಾಲ್‌ನಲ್ಲಿ ಕಾರ್ಯಕ್ರಮ. ನಾಲ್ಕೂ ಗೋಡೆಗೆ ಫ್ಲೆಕ್ಸು, ಒಂದೊಂದು ಮನೆತನಕ್ಕೆ ಒಂದೊಂದು, ಮೇಲೆ ಹಿರಿಯನ ಹೆಸರು, ಕೆಳಗೆ ಗೆರೆಗಳು ಬೇರು ಬಿಟ್ಟ ಹಾಗೆ. ಬೀದರದಿಂದ ಬಂದ ಒಬ್ಬ ಸರ್ ಚೆನ್ನಾಗಿ ಮಾತಾಡಿದರು. ಹೆಣ್ಣುಮಗಳು ಎರಡು ಮನೆಯ ವಂಶಾವಳಿಯಲ್ಲಿ ಇರಬೇಕು, ಹುಟ್ಟಿದ ಮನೆಯಲ್ಲೂ ಕೊಟ್ಟ ಮನೆಯಲ್ಲೂ, ಆದರೆ ನಾವು ಎಷ್ಟೋ ಕಡೆ ಅವಳನ್ನು ಎರಡರಿಂದಲೂ ಬಿಡುತ್ತೇವೆ ಎಂದರು. ನಾನೂ ತಲೆಯಾಡಿಸಿದೆ. ಆಗ ಅದು ಯಾರದೋ ಮನೆಯ ಮಾತು ಎಂದುಕೊಂಡಿದ್ದೆ.

ನನ್ನ ಸರದಿ ಬಂತು. ಮೈಕಿನ ಮುಂದೆ ಮುತ್ತ್ಯಾನ ಮುತ್ತ್ಯಾನಿಂದ ಸುರುಮಾಡಿ ಸರಸರ ಓದಿದೆ. ಮಾವನವರ ಹೆಸರು ಬಂದ ಕೂಡಲೇ ನಾಲಿಗೆ ನಿಂತುಬಿಟ್ಟಿತು. ಪಕ್ಕದಲ್ಲಿ ನಿಂತು ನೋಡಿಕೊಳ್ಳುತ್ತಿದ್ದ ಕಾಲೇಜಿನ ಹುಡುಗಿ ಸ್ನೇಹಲ, ನನಗೆ ಓದಲು ಬರುತ್ತಿಲ್ಲ ಎಂದು ತಿಳಿದು, "ಬಸವಣಪ್ಪ ಅಂತ ಅದರಿ ಆಂಟಿ" ಎಂದು ಹೇಳಿಕೊಟ್ಟಳು. "ನನಗ ಗೊತ್ತದ ತಾಯಿ, ಮಾವನ ಹೆಸರು ಬಾಯಿಲೆ ತಗೊಳ್ಳಾಕ ಬರಂಗಿಲ್ಲ" ಎಂದೆ, ಅದು ಮೈಕಿನಲ್ಲಿ ಹೋಯಿತು. ಹೆಂಗಸರ ಕಡೆ ನಗೆ ಎದ್ದಿತು. ಹಿಂದಿನಿಂದ ಯಾರೋ ಮುದುಕಿ, "ಮಾವಂದು ಬಿಡು, ಗಂಡಂದರೆ ಒಡಪು ಹಾಕಿ ಹೇಳು" ಎಂದು ಕೂಗಿದಳು. ಸ್ನೇಹಲ, "ಹಂಗಾದ್ರ ಬ್ಯಾಂಕಿನ ಫಾರಂ ಹ್ಯಾಂಗ ತುಂಬತೀರಿ ಆಂಟಿ?" ಎಂದಳು. "ಬರೀತೀನವ್ವಾ, ಒದರಂಗಿಲ್ಲ" ಎಂದೆ. ಆ ಎರಡು ಹೆಸರನ್ನು ಅವಳೇ ಓದಿದಳು. ನಿಮ್ಮ ಹೆಸರು ಬರುವ ಹೊತ್ತಿಗೆ ಅವಳು ಮೈಕಿನ ವಾಯರು ಸರಿ ಮಾಡಲು ಬಗ್ಗಿದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಗಾಬರಿಯಲ್ಲಿ ನಾನೇ ಹೇಳಿಬಿಟ್ಟೆ: ಹುಮನಾಬಾದದ ಮೀರಾಬಾಯಿ, ಒಬ್ಬ ಮಗ ಒಬ್ಬಳು ಮಗಳು, ಈಗ ಸೊಲ್ಲಾಪುರದಾಗ ಆರಾಮ ಅದಾರ. ಮಾಫಿ ಇರಲಿ ಅತ್ತಿ. ನಿಮ್ಮ ಮನೆ ಸೇರಿದ ಮೇಲೆ ನಿಮ್ಮ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿ ತಲೆಯೆತ್ತಿದರೆ ಗಂಡಸರ ಕಡೆ ಒಬ್ಬ ಹಿರಿಯರು ಎದ್ದು ನಿಂತಿದ್ದರು. ಹಿಂದಿನವರು ಕೂಡಿರಿ ಕೂಡಿರಿ ಎಂದರೂ ಕೂಡಲಿಲ್ಲ.

ಊಟದ ಹೊತ್ತಿಗೆ ಅವರು ತಾಟು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಬಿಳಿ ಧೋತರ, ತಲೆಗೆ ರುಮಾಲು. "ಯವ್ವಾ, ನೀ ಮೀರಾಬಾಯಿ ಸೊಸಿ ಏನು? ಸಂಜೂನ ಹೆಂಡ್ತಿ?" ಎಂದರು. ಮಾವನವರು ಹೋದ ಮೇಲೆ ಇವರನ್ನು ಸಂಜೂ ಎಂದು ಕರೆಯುವವರು ಈ ಭೂಮಿಯ ಮೇಲೆ ನೀವೊಬ್ಬರೇ. ಫೋನಿನಲ್ಲಿ ಹೆಸರು ಹಿಡಿದು ಮಾತಾಡಿಸಿ ಮೋಸ ಮಾಡುವವರಿರುತ್ತಾರಲ್ಲ, ಅಂಥವರೇ ಎಂದು ನಾನು ಪರ್ಸನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವರು ನೋಡಿ ನಕ್ಕರು. "ಹೆದರಬ್ಯಾಡ. ನಾ ಹುಡಗಿ ಊರಿನ ಬಕ್ಕಪ್ಪ. ಮೈಕಿನ್ಯಾಗ ನೀ ನಮ್ಮಕ್ಕ ಆರಾಮ ಅದಾಳ ಅಂದಿ. ಕೇಳಿ ಖುಷಿ ಆಯ್ತು. ಆಕಿಗಿ ನಾನೇ ಮಣ್ಣು ಕೊಟ್ಟು ಬಂದಿದ್ದೆ."

ಅತ್ತಿ, ಇನ್ನು ಮುಂದಿನದನ್ನು ನಾನು ಬರೆಯುವುದಕ್ಕಿಂತ ಮೊದಲೇ ನಿಮಗೆ ತಿಳಿದಿದೆ. ಆದರೂ ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ, ಹೆಚ್ಚುಕಡಿಮೆ ಇದ್ದರೆ ನಿಮಗೆ ಗೊತ್ತಾಗಲಿ. ಕೈತೊಳೆಯುವ ನಳದ ಹತ್ತಿರ ಎರಡು ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಅವರ ಅಕ್ಕ ಮೀರಾಬಾಯಿಯನ್ನು ನಮ್ಮ ಮಾವನವರಿಗೆ ಕೊಟ್ಟಿದ್ದರು. ಮೊದಲ ಹೆರಿಗೆಯಲ್ಲಿ ಗಂಡುಮಗು ಉಳಿಯಿತು, ಆಕೆ ಹೋದಳು. ಕೂಸು ಕೈಯಲ್ಲಿತ್ತು, ವರ್ಷ ತುಂಬುವ ಮೊದಲೇ ಭಾಲ್ಕಿ ಕಡೆಯಿಂದ ನಿಮ್ಮನ್ನು ತಂದರು. ತಾಳಿ ಕಟ್ಟುವುದಕ್ಕೂ ಮೊದಲು ಕೂಸನ್ನು ನಿಮ್ಮ ಉಡಿಯಲ್ಲಿ ಹಾಕಿದರು. ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದು ಇದ್ದದ್ದೇ. ಹಿರಿಯರು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಮೀರಾಬಾಯಿ ಎಂದೇ ಬರೆಸಿದರು. ಮನೆಯಲ್ಲಿ ಮೀರಾಬಾಯಿ ಹೋಗಬಾರದು, ಕೂಸಿನ ತಾಯಿಯ ಹೆಸರು ಬದಲಾಗಬಾರದು ಎಂದು. ಮುಂದೆ ಮಾವನವರು ಹುಮನಾಬಾದಕ್ಕೆ ಅಂಗಡಿ ಇಡಲು ಬಂದರು. ಇಲ್ಲಿಯ ಜನಕ್ಕೆ ಒಬ್ಬ ಬಸವಣಪ್ಪ, ಒಬ್ಬ ಮೀರಾಬಾಯಿ, ಒಂದು ಮಗು. ಯಾರೂ ಸುಳ್ಳು ಹೇಳಲೇ ಇಲ್ಲ. ಗುರುಲಿಂಗ ಭಾವನವರು ಬರೆದುಕೊಳ್ಳುವಾಗಲೂ ನೀವು ಸುಳ್ಳು ಹೇಳಿಲ್ಲ. ಹೆಸರು ಒಂದೇ ಇತ್ತು, ಅವರು ಒಬ್ಬರನ್ನೇ ಬರೆದರು.

ನಾನು ನಂಬಲಿಲ್ಲ. "ಕಾಕಾ, ನೀವು ಮನಿ ತಪ್ಪಿ ಬಂದೀರಿ" ಎಂದೆ. ಆಗ ಅವರು ಕೇಳಿದರು, "ನಿಮ್ಮತ್ತಿ ಕೊರಳಾಗ ಬೆಳ್ಳಿ ಪಾದ ಅದ ಇಲ್ಲ? ಮೊದಲಿನಾಕಿ ಸಲುವಾಗಿ ಎರಡನೇದಾಕಿ ಕಟಗೋತಾಳ, ಅದು." ಆಪರೇಷನ್ ದಿನ ನರ್ಸು ನಿಮ್ಮ ಬಳೆ, ಬೆಂಡೋಲೆ ಎಲ್ಲ ಬಿಚ್ಚಿಸಿದಾಗ ನೀವು ಸುಮ್ಮನಿದ್ದಿರಿ, ಆ ಪಾದಕ್ಕೆ ಕೈ ಹಾಕಿದಾಗ ಮಾತ್ರ ಅವಳ ಕೈ ಹಿಡಿದುಬಿಟ್ಟಿರಿ. ನೀವೇ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, "ಕೆಳಗ ಇಡಬ್ಯಾಡ, ನಾ ಹೊರಗ ಬರೋತನ ಹಿಡಕೊಂಡೇ ನಿಂದ್ರು" ಎಂದಿರಿ. ಮನೆದೇವರ ಪಾದ ಎಂದುಕೊಂಡು ಹಿಡಿದು ನಿಂತಿದ್ದೆ. ಹಾಗಾದರೆ ಅವತ್ತು ಆಕೆಯೂ ನನ್ನ ಕೈಯಲ್ಲೇ ಇದ್ದಳು.

ಇನ್ನೂ ಒಂದು ನೆನಪಾಯಿತು. ನನ್ನ ಮದುವೆಯಲ್ಲಿ ಅಕ್ಕಿಯ ತಾಟು ತಂದಿಟ್ಟಾಗ ನೀವು ನನ್ನ ಕಿವಿಯ ಹತ್ತಿರ ಬಗ್ಗಿ, ತೌರಿನ ಹೆಸರು ಹಿಡಿದು, "ಕಾಶೀ, ನಿನಗ ಯಾವ ಹೆಸರು ಬೇಕು? ನಿನ್ನ ಹೆಸರೇ ಇರಲಿ ಅಂದ್ರೂ ಇರಲಿ" ಎಂದು ಕೇಳಿದಿರಿ. ಯಾವ ಅತ್ತೆಯೂ ಹಾಗೆ ಕೇಳಿದ್ದನ್ನು ನಾನು ಕೇಳಿರಲಿಲ್ಲ. ನಾನು ಹುಚ್ಚಿ, ಟಿವಿಯಲ್ಲಿ ಬರುವ ಹೆಸರು ಇರಲಿ ಎಂದು ವಿಜಯಶ್ರೀ ಎಂದೆ. ನೀವು ಯಾಕೆ ಕೇಳಿದ್ದಿರಿ ಎಂಬುದು ನಳದ ಹತ್ತಿರ ಕೂತಾಗ ತಿಳಿಯಿತು.

ಬಕ್ಕಪ್ಪ ಮಾಮಾ ನಿಮ್ಮ ಬಗ್ಗೆ ಒಂದು ಕಟು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು, ಇಷ್ಟು ಫಿಕರ್ ಹತ್ತುತ್ತಿರಲಿಲ್ಲ. ಮಗಳು ಸತ್ತ ಮನೆಗೆ ಬಂದ ಎರಡನೆಯವಳು ನಮಗೂ ಮಗಳೇ ಎಂದು ಅವರ ತಾಯಿ ನಿಮ್ಮನ್ನು ಮೊದಲ ಪಂಚಮಿಗೆ ಹುಡಗಿಗೆ ಕರೆಸಿ, ಸೀರೆ ಉಡಿಸಿ, ಜೋಕಾಲಿ ಕಟ್ಟಿಸಿದ್ದರಂತೆ. ಆದರೆ ಮೀರಾಬಾಯಿ ಎಂದು ನಿಮ್ಮನ್ನು ಕರೆಯಲು ಆ ತಾಯಿಗೆ ನಾಲಿಗೆ ಬರಲಿಲ್ಲ. "ಆ ಹೆಸರು ಕರದ್ರ ನನ್ನ ಮಗಳು ಓಗೊಡ್ತಾಳೇನೋ ಅನಸ್ತದವ್ವಾ. ಈ ಮನ್ಯಾಗ ನಿನಗ ನಿನ್ನ ತೌರಿನ ಹೆಸರೇ ಇರಲಿ" ಎಂದು ನಿಮ್ಮ ಹುಟ್ಟಿದ ಹೆಸರಿನಿಂದಲೇ ಕರೆಯುತ್ತಿದ್ದರಂತೆ. ಆ ಹೆಸರನ್ನೂ ಮಾಮಾ ಹೇಳಿದರು. ಇಲ್ಲಿ ಬರೆಯಲು ಕೈ ಹಿಂದೆ ಸರಿಯುತ್ತದೆ, ಸೊಸೆ ಬರೆಯುವಂಥದ್ದೇ ಅದು ಎನ್ನಿಸುತ್ತದೆ.

ಪ್ರತಿ ಪಂಚಮಿಗೆ ಮಾಮಾ ಉಂಡಿ ಕಟ್ಟಿಕೊಂಡು ನಿಮ್ಮಲ್ಲಿಗೆ ಬರುತ್ತಿದ್ದರು. ಇವರು ಶಾಲೆಗೆ ಹೋಗಲು ಸುರುಮಾಡಿದ ವರ್ಷ ನೀವು ಬಾಗಿಲಲ್ಲೇ ನಿಲ್ಲಿಸಿ, "ಬಕ್ಕಪ್ಪಾ, ಹುಡುಗ ಕೇಳಾಕತ್ತಾನ, ಅವ್ವಾ ನಿನಗ ಎರಡು ತೌರಮನಿ ಹ್ಯಾಂಗ ಅಂತ. ಇನ್ನ ಬರಬ್ಯಾಡಪ್ಪಾ" ಎಂದಿರಂತೆ. ಅವರು ಹೊರಳಿ ಹೋದರು. ಹುಡಗಿ ಊರು ಇಲ್ಲೇ ಹತ್ತಿರ, ಸಂತೆಗೆ ಬಂದವರು ನಮ್ಮ ಓಣಿ ಬಿಟ್ಟು ಸುತ್ತಿಬಳಸಿ ಹೋಗುತ್ತಿದ್ದರಂತೆ. "ಮನಿಗೆ ಬರಬ್ಯಾಡ ಅಂದಿದ್ದಳು, ಅಂಗಡಿಗಿ ಬರಬ್ಯಾಡ ಅಂದಿದ್ದಿಲ್ಲ. ಹಂಗಂತ ನಾ ಬರಲಿಲ್ಲ. ಆದ್ರ ನಮ್ಮ ಮನ್ಯಾಗ ಬೆಲ್ಲ ಯಾವಾಗಲೂ ಸಂಜೂನ ಅಂಗಡಿದೇ, ಮಂದಿ ಕೈಲೆ ತರಸ್ತೀನಿ" ಎಂದರು. ಸಮ್ಮೇಳನಕ್ಕೆ ಬಂದದ್ದಕ್ಕೂ ಅವರಿಗೆ ಸಮಜಾಯಿಷಿ ಇತ್ತು: ಇದು ಮನೆಯಲ್ಲ, ಕಾರ್ಯಾಲಯ.

ಅವರಿಗೆ ಬೇಕಾದದ್ದು ಒಂದೇ. ಅವರ ಮನೆತನದ ಫ್ಲೆಕ್ಸೂ ಅಲ್ಲಿತ್ತು, ಅದರ ಮುಂದೆ ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರು. "ನೋಡವ್ವಾ, ನಮ್ಮ ಕಡೆ ಹೆಣ್ಣುಮಕ್ಕಳನ್ನ ಬರದೇ ಇಲ್ಲ, ಕೊಟ್ಟ ಮನ್ಯಾಗ ಇರ್ತಾವ ಅಂತ ಬಿಟ್ಟಾರ. ನಿಮ್ಮ ಕಡೆ ಮೀರಾಬಾಯಿ ಅಂತ ಅದ, ಅದು ನಿಮ್ಮತ್ತಿ. ಹತ್ತೊಂಬತ್ತು ವರ್ಷ ಬದುಕಿದಾಕಿ, ಒಂದು ಕೂಸು ಹಡದಾಕಿ, ಇಡೀ ಹಾಲ್‌ನ್ಯಾಗ ಎಲ್ಲೂ ಇಲ್ಲ ನೋಡು." ಹೀಗೆ ಹೇಳಿ ಅವರೇ ಮತ್ತೆ, "ಆದ್ರ ಅಕ್ಕ ಹೂಂ ಅಂದರ ಮಾತ್ರ. ಸಾಕಿದಾಕಿ ಆಕಿ. ಆಕಿ ಬ್ಯಾಡ ಅಂದ್ರ ಬ್ಯಾಡ, ನಾ ಇಷ್ಟ ದಿನ ಹ್ಯಾಂಗ ಇದ್ದೆ ಹಂಗ ಇರ್ತೀನಿ" ಎಂದರು.

ಸಂಜೆ ಇವರು ಗಾಡಿ ತೆಗೆದುಕೊಂಡು ನನ್ನನ್ನು ಕರೆಯಲು ಬಂದರು. ಮೆಟ್ಟಿಲ ಮೇಲೆ ಮಾಮಾ ಗೋಡೆ ಹಿಡಿದು ಇಳಿಯುತ್ತಿದ್ದರು. ಇವರು ನನ್ನ ಕಡೆ ಬರುವುದು ಬಿಟ್ಟು, "ಕೈ ಕೊಡ್ರಿ ಕಾಕಾ, ಮೆಟ್ಟಲ ಸಣ್ಣವು ಅದಾವ" ಎಂದು ಹತ್ತಿ ಹೋಗಿ ಹಿಡಿದರು. ಯಾರೆಂದು ಇವರಿಗೇನು ಗೊತ್ತು, ಮುದುಕರನ್ನು ಕಂಡರೆ ಇವರು ಹಾಗೆಯೇ, ನೀವು ಬೆಳೆಸಿದ ರೀತಿ. ಮಾಮಾ ಎರಡೂ ಕೈಯಿಂದ ಇವರ ಮುಂಗೈ ಹಿಡಿದುಕೊಂಡು ಇಳಿದರು. ಕೆಳಗೆ ಬಂದ ಮೇಲೂ ಬಿಡಲಿಲ್ಲ. ಇವರು, "ಯಾವೂರು ಕಾಕಾ?" ಎಂದರು. "ಹುಡಗಿ" ಎಂದರು. "ಹುಡಗಿ ಮಂದಿ ನಮ್ಮ ಅಂಗಡಿಗಿ ಭಾಳ ಬರ್ತಾರ" ಎಂದರು ಇವರು. ಮಾಮಾ, "ಹೌದಪ್ಪಾ, ಬೆಲ್ಲ ಚೊಲೊ ಇರ್ತದ ನಿಂದು" ಎಂದರು. ಅಷ್ಟೇ ಮಾತು. ನಾನು ಬೇರೆ ಕಡೆ ಮುಖ ಮಾಡಿ ಸೆರಗು ಸರಿಮಾಡಿಕೊಳ್ಳುತ್ತ ನಿಂತೆ. ದಾರಿಯಲ್ಲಿ ಇವರು, "ಪಾಪ, ಆ ಮುದುಕ ಕೈ ಬಿಡಲೇ ಇಲ್ಲ ನೋಡು, ಒಬ್ಬನೇ ಯಾಕ ಬಂದಿದ್ದ?" ಎಂದು ಕೇಳಿದರು. ಗಾಳಿಯಲ್ಲಿ ಕೇಳಿಸದವಳಂತೆ ಸೆರಗನ್ನು ಕಿವಿಗೆ ಸುತ್ತಿಕೊಂಡೆ.

ಈಗ ಚಿಂತೆಯ ಮಾತಿಗೆ ಬರುತ್ತೇನೆ. ಈ ವಂಶಾವಳಿಗಳೆಲ್ಲ ತಿಂಗಳ ಕೊನೆಗೆ ಪುಸ್ತಕವಾಗಿ ಅಚ್ಚಿಗೆ ಹೋಗುತ್ತವೆ. ತಿದ್ದುವುದಿದ್ದರೆ ಅದಕ್ಕೂ ಮೊದಲು ಸ್ನೇಹಲಗೆ ಹೇಳಬೇಕು. ಬರುವ ಮುಂಚೆ ನಾನು ಅವಳನ್ನು ಬೇರೆ ಯಾರದೋ ಮನೆಯ ಮಾತಿನಂತೆ ಕೇಳಿದೆ, ಒಬ್ಬರಿಗೆ ಇಬ್ಬರು ಹೆಂಡಿರಿದ್ದರೆ ಹೇಗೆ ಬರೆಯುತ್ತೀರಿ ಎಂದು. "ಇಬ್ಬರನ್ನೂ ಬರೀತೀವ್ರಿ ಆಂಟಿ. ಮಕ್ಕಳನ್ನ ಹಡದವರ ಕೆಳಗ ಹಾಕ್ತೀವಿ" ಎಂದಳು. "ಸಾಕಿದವರ ಕೆಳಗ?" ಎಂದೆ. "ಅದಕ್ಕ ನಮ್ಮಲ್ಲಿ ಗೆರಿ ಇಲ್ರಿ" ಎಂದಳು. ಮನೆಗೆ ಬಂದು ಆ ಮಾತನ್ನೇ ಮೆಲುಕು ಹಾಕಿದೆ. ಆಕೆಯನ್ನು ಬರೆದರೆ ಇವರ ಹೆಸರು ನಿಮ್ಮ ಕೆಳಗಿನಿಂದ ಎದ್ದು ಅಲ್ಲಿಗೆ ಹೋಗುತ್ತದೆ, ನಿಮ್ಮ ಕೆಳಗೆ ಪೂನಂ ಒಬ್ಬಳೇ ಉಳಿಯುತ್ತಾಳೆ. ಆ ಪೂನಂ, ನೀವು ಅಣ್ಣನಿಗೆ ಮೊದಲು ಬಡಿಸಿದಾಗಲೆಲ್ಲ, "ಅವ್ವಾ, ನನ್ನ ಎಲ್ಲಿಂದರೆ ತಂದು ಸಾಕೀಯೇನ?" ಎಂದು ನಿಮ್ಮನ್ನು ಕಾಡಿದವಳು. ಬರೆಯದಿದ್ದರೆ ಆ ಹತ್ತೊಂಬತ್ತು ವರ್ಷದವಳು ಎಲ್ಲಿಯೂ ಇಲ್ಲದ ಹಾಗೆ ಆಗುತ್ತಾಳೆ. ಇದು ಎಂಥ ತಕ್ಕಡಿ ಅತ್ತಿ, ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಏಳುತ್ತದೆ.

ಸೋಮವಾರ ತಾಳಲಾರದೆ ಸ್ನೇಹಲಗೆ ಫೋನು ಮಾಡಿ, ಗೆರೆ ಇಲ್ಲದಿದ್ದರೆ ಹೊಸದು ಹಾಕಿರಿ, ಕಂಪ್ಯೂಟರಿನಲ್ಲಿ ಗೆರೆಗೇನು ಬರ ಎಂದು ಕೇಳಿದೆ. ಅವಳು ತಮ್ಮ ಸರ್‌ಗೆ ಕೇಳಿ ನಿನ್ನೆ ಹೇಳಿದಳು. ಸರ್ ಒಪ್ಪಿದ್ದಾರಂತೆ. ಒಂದು ಮಗುವಿಗೆ ಎರಡು ಗೆರೆ ಬರುತ್ತವೆ, ಹೆತ್ತವಳಿಂದ ಒಂದು, ಸಾಕಿದವಳಿಂದ ಒಂದು, ಎರಡೂ ಒಂದೇ ದಪ್ಪ. ಆದರೆ ಒಂದು ಮಾತು ಹೇಳಿದರಂತೆ: ಒಂದೇ ಹೆಸರು ಎರಡು ಸಲ ಬಂದರೆ ಅಚ್ಚಿನವರು ತಪ್ಪೆಂದು ತಿಳಿದು ಒಂದನ್ನು ತೆಗೆದುಬಿಡುತ್ತಾರೆ, ಓದುವವರಿಗೂ ತಿಳಿಯುವುದಿಲ್ಲ. ಇಬ್ಬರಿಗೆ ಎರಡು ಹೆಸರು ಬೇಕು. ಮೀರಾಬಾಯಿ ಎಂಬುದು ಆಕೆಯ ಹುಟ್ಟಿದ ಹೆಸರೂ ಹೌದು, ಕೊಟ್ಟ ಮನೆಯಲ್ಲಿ ಉಳಿದ ಹೆಸರೂ ಹೌದು, ಆಕೆಗೆ ಬೇರೆ ಇಲ್ಲ. ಹಾಗಾದರೆ ಬಿಟ್ಟುಕೊಡಬೇಕಾದವರು ನೀವಾಗುತ್ತೀರಿ. ಇಷ್ಟು ವರ್ಷ ಆ ಹೆಸರು ಹೊತ್ತು ಮನೆ ನಡೆಸಿದವರು ನೀವು. ರೇಷನ್ ಕಾರ್ಡಿನಿಂದ ಹಿಡಿದು ಎಲ್ಲ ಕಡೆ ಆ ಹೆಸರು ನಿಮ್ಮದೇ, ಅಲ್ಲಿ ಯಾರೂ ಕೈ ಹಾಕುವುದಿಲ್ಲ. ಈ ಒಂದು ಪುಸ್ತಕದ ಒಂದು ಹಾಳೆಯಲ್ಲಿ ಮಾತ್ರ.

ಇವರಿಗೆ ನಾನು ಏನೂ ಹೇಳಿಲ್ಲ. ಹೇಳುವುದೂ ಇಲ್ಲ. ಅದು ನಿಮ್ಮ ಬಾಯಿಂದ ಬರಬೇಕು, ಇಲ್ಲವೇ ಬರಲೇಬಾರದು. ಇವರು ನಿಮ್ಮನ್ನು ಬಿಟ್ಟು ಬೇರೆಯವರನ್ನು ಅವ್ವ ಎನ್ನುತ್ತಾರೆ ಎಂಬ ಭಯ ನಿಮಗಿದ್ದರೆ, ನನ್ನ ಮಾತು ನಂಬಿರಿ, ಊಟಕ್ಕೆ ಕೂತವರು ದಿನಾಲೂ ನಿಮ್ಮ ಮಣೆ ನೋಡುವುದನ್ನು ನಾನು ಕಣ್ಣಾರೆ ಕಾಣುತ್ತಿದ್ದೇನೆ. ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆನೋ ನನಗೆ ತಿಳಿಯದು. ನಾನು ಬಸ್ಸು ಊರೊಳಗೆ ಹೋಗುತ್ತದೋ ಇಲ್ಲವೋ ಎಂಬುದಕ್ಕೇ ಹೆದರುವವಳು, ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ. ಬರೆದದ್ದರಲ್ಲಿ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಈ ಕಾಗದ ಹರಿದು ಒಲೆಗೆ ಹಾಕಿರಿ, ನಾನು ಕೇಳಿಲ್ಲ, ನೀವು ಹೇಳಿಲ್ಲ.

ಪೂನಂಗೆ, ಅವಳ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿರಿ. ಚೀಲದಲ್ಲಿ ಶೇಂಗಾ ಹಿಂಡಿ ಇಟ್ಟಿದ್ದೇನೆ, ಖಾರ ಕಮ್ಮಿ ಹಾಕಿದ್ದು ನಿಮಗೆ, ಕೆಂಪು ಮುಚ್ಚಳದ್ದು ಅವರಿಗೆ. ಗುಳಿಗೆ ತಪ್ಪಿಸಬೇಡಿರಿ. ಮೊಣಕಾಲಿನ ಮೇಲೆ ಭಾರ ಹಾಕಬೇಡಿರಿ. ನಿಮ್ಮ ಆಶೀರ್ವಾದದ ಕೈ ಈ ಮನೆಯ ಮೇಲಿರಲಿ, ಅದಿದ್ದರೆ ನನಗೆ ನಿದ್ದೆ ಬರುತ್ತದೆ.

ನಿಮ್ಮ ಪಾದಕ್ಕೆ ಹಣೆ ಹಚ್ಚಿ,
ನಿಮ್ಮ ಸೊಸೆ
ವಿಜಯಶ್ರೀ

ತಾ. ಕ.: ಆಸಿಫ ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ, ಬರೆಯಲೇಬೇಕಾದದ್ದು ಬಿಟ್ಟೇಬಿಟ್ಟಿದ್ದೆ. ಬಕ್ಕಪ್ಪ ಮಾಮಾ ಹೇಳಿದ ಹೆಸರು ಪುತಳಾಬಾಯಿ. ಶುಕ್ರವಾರ ಸಂಜೆ ಫೋನು ಮಾಡುತ್ತೇನೆ, ಇಲ್ಲಿ ಇವರು ಪಕ್ಕದಲ್ಲಿರುತ್ತಾರೆ, ಅಲ್ಲಿ ಪೂನಂ ಸ್ಪೀಕರ್ ಹಾಕಿರುತ್ತಾಳೆ. "ಅತ್ತಿ, ನಾ ಬರದದ್ದು ಬರಾಬರ ಅದ ಏನ್ರಿ?" ಎಂದಷ್ಟೇ ಕೇಳುತ್ತೇನೆ. ಬರಾಬರ ಎಂದರೆ, ಭಾನುವಾರ ನಿಮ್ಮನ್ನು ಕರೆತರಲು ಬರುವ ಮಗನಿಗೆ ಎಲ್ಲವನ್ನೂ ನೀವೇ ಹೇಳುತ್ತೀರಿ ಎಂದು ತಿಳಿದುಕೊಂಡು, ಸೋಮವಾರ ಸ್ನೇಹಲಗೆ ಆ ಹೆಸರು ಕೊಡುತ್ತೇನೆ. ತಪ್ಪು ಎಂದರೆ ಒಬ್ಬರೇ ಮೀರಾಬಾಯಿ ಇರಲಿ, ಹುಡಗಿಗೆ ನಾನೇ ಹೋಗಿ ಮಾಮಾನಿಗೆ ಹೇಳಿ ಬರುತ್ತೇನೆ, ಮತ್ತೆಂದೂ ಬಾಯಿ ಬಿಡುವುದಿಲ್ಲ. ಮಾಮಾನಿಗೆ ಆಗ ಹುಡುಗ ವಯಸ್ಸು, ಅವರ ತಾಯಿ ಮುದ್ದಿಗೆ ಕರೆದದ್ದನ್ನೇ ಹೆಸರೆಂದು ತಿಳಿದಿರಲೂಬಹುದು. ಅದಕ್ಕೆ ನಿಮ್ಮ ಅವ್ವ ನಿಮ್ಮನ್ನು ಏನೆಂದು ಕರೆಯುತ್ತಿದ್ದರು, ಅದೊಂದನ್ನು ಇನ್ನೊಮ್ಮೆ ನೋಡಿಕೊಂಡು ಹೇಳಿರಿ.